ಮಳೆನಾಡಿನ ಮನೆಯಲ್ಲಿ ಕೋವಿಯ ತೋಟೆಗಳನ್ನು ಇಡುವ ಬಗೆ

ಸೆಪ್ಟೆಂಬರ್ ತಿಂಗಳ ಆರಂಭದಲ್ಲಿ ಕೊಡಗಿನ ಮನೆಗಳಲ್ಲಿ ಕೈಲ್ ಪೋಳ್ದ್ ಹಬ್ಬ ನಡೆಯುವಾಗ ಕೋವಿಯನ್ನು ಒರೆಸಿ, ಎಣ್ಣೆ ಹಚ್ಚಿ, ನಳಿಗೆಯ ಬಾಯಿಗೆ ತೋಕ್ ಪೂ ಎಂಬ ಹೂವನ್ನು ಸಿಕ್ಕಿಸಿ ಪೂಜೆಗೆ ಇಡುತ್ತಾರೆ. ಬೆಳೆ ರಕ್ಷಣೆಗೆಂದು ಲೈಸೆನ್ಸ್ ಪಡೆದ ಕೋವಿಗಳಿರುವ ಮಲೆನಾಡು ಮತ್ತು ಕರಾವಳಿಯ ಮನೆಗಳಲ್ಲಿಯೂ ಆಯುಧಪೂಜೆಯ ದಿನ ಇದೇ ಬಗೆಯ ಆರೈಕೆ ನಡೆಯುತ್ತದೆ. ಕೋವಿಗೆ ಸಲ್ಲುವ ಈ ಗೌರವದಲ್ಲಿ ಹತ್ತರಲ್ಲೊಂದು ಪಾಲೂ ಅದರ ತೋಟೆಗಳಿಗೆ ಸಲ್ಲುವುದಿಲ್ಲ. ಅವು ಬೀರುವಿನಲ್ಲಿ ಸೀರೆಗಳ ಅಡಿಯಲ್ಲಿಯೋ, ಬಾಗಿಲ ಹಿಂದೆ ಮೊಳೆಗೆ ನೇತುಹಾಕಿದ ಚರ್ಮದ ಪಟ್ಟಿಯಲ್ಲಿಯೋ, ಅಡುಗೆಮನೆಯ ಅಟ್ಟದ ಮೇಲಿನ ಬಿಸ್ಕತ್ತು ಡಬ್ಬಿಯಲ್ಲಿಯೋ ವರ್ಷಗಟ್ಟಲೆ ಬಿದ್ದಿರುತ್ತವೆ. ಯೋಚಿಸಿ ನೋಡಿದರೆ ತೋಟೆಯಿಲ್ಲದ ಕೋವಿ ಮರದ ಹಿಡಿಯಿರುವ ಕಬ್ಬಿಣದ ಕೊಳವೆ ಮಾತ್ರ. ಅಪಾಯವೂ ಉಪಯೋಗವೂ ಇರುವುದು ತೋಟೆಯೊಳಗೆ. ಅಲ್ಲದೆ ಕಬ್ಬಿಣದ ತುಕ್ಕು ಕಣ್ಣಿಗೆ ಕಾಣುತ್ತದೆ, ತೋಟೆಯೊಳಗಿನ ಮದ್ದು ಹಾಳಾಗುವುದು ಕಾಣುವುದಿಲ್ಲ. ಆದ್ದರಿಂದ ಕೋವಿಗಿಂತ ತೋಟೆಯನ್ನು ಇಡುವ ರೀತಿಯ ಬಗ್ಗೆಯೇ ನಾವು ಹೆಚ್ಚು ತಿಳಿದಿರಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಸರಕಾರಿ ಕಾಗದಗಳಲ್ಲಿ ಕಾಡತೂಸು ಅಥವಾ ಮದ್ದುಗುಂಡು ಎಂದು ಬರೆಯುವ ಈ ವಸ್ತುವನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡುವುದು ಒಳ್ಳೆಯದು. ಹೆಬ್ಬೆರಳಿನಷ್ಟು ದಪ್ಪವಾದ, ಅದಕ್ಕಿಂತ ತುಸು ಉದ್ದವಾದ ಪ್ಲಾಸ್ಟಿಕ್ ಕೊಳವೆ. ಬುಡಕ್ಕೆ ಹಿತ್ತಾಳೆಯ, ಅಥವಾ ಹಿತ್ತಾಳೆಯ ಲೇಪವಿರುವ ಉಕ್ಕಿನ ಟೊಪ್ಪಿಗೆ. ಆ ಟೊಪ್ಪಿಗೆಯ ನಡುವೆ ಸಣ್ಣ ಗುಂಡಿಯಂತೆ ಕಾಣುವುದು ಕೇಪು. ಕೋವಿಯ ಸೂಜಿ ಬಡಿಯುವುದು ಇದಕ್ಕೆ, ಬಡಿದಾಗ ಕಿಡಿ ಹುಟ್ಟುವುದು ಇದರಿಂದ. ಕೇಪಿನ ಮೇಲೆ ಒಂದೂವರೆ ಎರಡು ಗ್ರಾಂನಷ್ಟು ಹೊಗೆರಹಿತ ಮದ್ದು, ಅದರ ಮೇಲೆ ವ್ಯಾಡ್ ಎಂದು ಕರೆಯುವ ಪ್ಲಾಸ್ಟಿಕ್ ಅಥವಾ ರಟ್ಟಿನ ತಡೆ, ಅದರ ಮೇಲೆ ಚರೆ, ಅಂದರೆ ಸೀಸದ ಸಣ್ಣ ಗುಂಡುಗಳು. ಕೊನೆಗೆ ಕೊಳವೆಯ ಬಾಯಿಯನ್ನು ಹೂವಿನ ಎಸಳುಗಳಂತೆ ಒಳಕ್ಕೆ ಮಡಚಿ ಮುಚ್ಚಿರುತ್ತಾರೆ. ಹಳೆಯ ತೋಟೆಗಳಲ್ಲಿ ಪ್ಲಾಸ್ಟಿಕ್ಕಿನ ಬದಲು ಮೇಣ ಹಚ್ಚಿದ ಕಾಗದದ ಕೊಳವೆ ಇರುತ್ತಿತ್ತು. ನಮ್ಮ ಕಡೆಯ ಮನೆಗಳಲ್ಲಿ ಹೆಚ್ಚಾಗಿ ಕಾಣುವುದು ಪುಣೆಯ ಖಡ್ಕಿಯಲ್ಲಿರುವ ಮದ್ದುಗುಂಡು ಕಾರ್ಖಾನೆಯಿಂದ ಬರುವ ಶಕ್ತಿಮಾನ್ ಹೆಸರಿನ ಹನ್ನೆರಡು ಬೋರಿನ ತೋಟೆಗಳು. 1869ರಲ್ಲಿ ಆರಂಭವಾದ ಆ ಕಾರ್ಖಾನೆ 2021ರ ಅಕ್ಟೋಬರ್‌ನಿಂದ ಮ್ಯುನಿಷನ್ಸ್ ಇಂಡಿಯಾ ಲಿಮಿಟೆಡ್ ಎಂಬ ಸರಕಾರಿ ಕಂಪನಿಯ ಭಾಗವಾಗಿದೆ.

ಈ ಭಾಗಗಳಲ್ಲಿ ಹೆಚ್ಚಿನವಕ್ಕೆ ಅವುಗಳದೇ ಆದ ಶತ್ರುವಿದೆ. ಕೇಪಿಗೆ ಎಣ್ಣೆ ಮತ್ತು ಪೆಟ್ಟು, ಮದ್ದಿಗೆ ಬಿಸಿ, ಹಿತ್ತಾಳೆಗೆ ತೇವ ಮತ್ತು ಅಮೋನಿಯ, ಕಾಗದಕ್ಕೆ ನೀರು. ಚರೆಗೆ ಯಾವುದರಿಂದಲೂ ಹೆಚ್ಚು ಬಾಧೆಯಿಲ್ಲ, ಆದರೆ ಸೀಸ ವಿಷವಾದ್ದರಿಂದ ಅದು ನಮಗೆ ಶತ್ರು. ತೋಟೆ ಮುಟ್ಟಿದ ಕೈಯನ್ನು ಸೋಪು ಹಾಕಿ ತೊಳೆಯದೆ ಊಟಕ್ಕೆ ಕೂರಬಾರದು, ದಿನಸಿ ಇಡುವ ಕಪಾಟಿನಲ್ಲಿ ತೋಟೆಗೆ ಜಾಗ ಕೊಡಬಾರದು.

ತೇವ ಮತ್ತು ಕಿಲುಬು

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲೆನಾಡಿನ ಮನೆಯೊಳಗೆ ಏನಾಗುತ್ತದೆ ಎಂಬುದನ್ನು ಅಲ್ಲಿ ಬಾಳಿದವರಿಗೆ ಹೇಳಬೇಕಾಗಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ, ಮಡಿಕೇರಿಯಲ್ಲಿ ಮೂರು ಸಾವಿರಕ್ಕೂ ಮೇಲೆ. ಚಪ್ಪಲಿಗೆ ಬೂಷ್ಟು ಹಿಡಿಯುತ್ತದೆ, ಉಪ್ಪು ನೀರಾಗುತ್ತದೆ, ಬೀರುವಿನಲ್ಲಿಟ್ಟ ಬಟ್ಟೆಗೆ ಮುಗ್ಗಲು ವಾಸನೆ ಬರುತ್ತದೆ. ಅದೇ ಬೀರುವಿನಲ್ಲಿರುವ ತೋಟೆ ಮಾತ್ರ ಒಣಗಿ ಗಟ್ಟಿಯಾಗಿರುತ್ತದೆ ಎಂದು ನಂಬಲು ಯಾವ ಕಾರಣವೂ ಇಲ್ಲ.

ನಮ್ಮ ಅಜ್ಜ ತೀರಿಕೊಂಡ ಕೆಲವು ತಿಂಗಳ ಮೇಲೆ ಅವರ ತಗಡಿನ ಟ್ರಂಕನ್ನು ತೆರೆದಾಗ, ಪಹಣಿ ಕಾಗದಗಳ ಕೆಳಗೆ ಒಂದು ಬಟ್ಟೆಯ ಗಂಟು ಸಿಕ್ಕಿತು. ಒಳಗೆ ಒಂಬತ್ತು ಕಾಗದದ ತೋಟೆಗಳಿದ್ದವು. ಒಂದು ಕಾಲದಲ್ಲಿ ಕೆಂಪಗಿದ್ದಿರಬೇಕಾದ ಕಾಗದ ಕಂದಾಗಿ, ಉಬ್ಬಿ, ನಡುವೆ ಪದರ ಬಿಟ್ಟಿತ್ತು. ಹಿತ್ತಾಳೆಯ ಅಂಚಿನ ಸುತ್ತ ತಾಮ್ರದ ಚೊಂಬಿಗೆ ಹಿಡಿಯುವಂತಹ ಹಸಿರು ಕಿಲುಬು ದಪ್ಪನಾಗಿ ಕಟ್ಟಿ, ಬೆರಳಿನಿಂದ ಮುಟ್ಟಿದರೆ ಪುಡಿಪುಡಿಯಾಗಿ ಉದುರುತ್ತಿತ್ತು. ಒಂದು ತೋಟೆಯ ಬಾಯಿ ಬಿಚ್ಚಿಕೊಂಡು ಚರೆಯೆಲ್ಲ ಗಂಟಿನೊಳಗೆ ಚೆಲ್ಲಿತ್ತು. ಅಂತಹ ತೋಟೆಯನ್ನು ಕೋವಿಗೆ ಹಾಕಿದರೆ ಏನಾಗುತ್ತದೆ ಎಂಬುದು ತಿಳಿದಿರಬೇಕು. ಉಬ್ಬಿದ ಕಾಗದದಿಂದಾಗಿ ಅದು ನಳಿಗೆಯೊಳಗೆ ಪೂರ್ತಿ ಕೂರುವುದಿಲ್ಲ. ಬಲವಾಗಿ ಒತ್ತಿ ಕೂರಿಸಿದರೆ ಹೊರಗೆ ಬರುವುದಿಲ್ಲ. ಸಿಡಿಯದೇ ಉಳಿದ ತೋಟೆಯನ್ನು ಕಡ್ಡಿಯಿಂದ ಕುಟ್ಟಿ ತೆಗೆಯಲು ಹೋಗುವುದು ಎಷ್ಟು ಅಪಾಯಕಾರಿ ಎಂಬುದನ್ನು ವಿವರಿಸಬೇಕಾಗಿಲ್ಲ. ಕಿಲುಬು ತಿಂದು ತೆಳುವಾದ ಹಿತ್ತಾಳೆ ಸಿಡಿತದ ಒತ್ತಡವನ್ನು ತಡೆಯದೆ ಸೀಳಿದರೆ ಬಿಸಿಗಾಳಿ ಗುರಿಯಿಡುತ್ತಿರುವವನ ಮುಖದ ಕಡೆಗೇ ಹಿಂದಕ್ಕೆ ನುಗ್ಗಬಹುದು.

ಹಿತ್ತಾಳೆ ಕೆಡಲು ತೇವದಷ್ಟೇ ದೊಡ್ಡ ಕಾರಣ ಇನ್ನೊಂದಿದೆ. ಅದರ ಕಥೆ ನಮ್ಮ ದೇಶದ್ದೇ ಆದ್ದರಿಂದ ತುಸು ವಿಸ್ತಾರವಾಗಿ ಹೇಳುತ್ತೇನೆ. ಬ್ರಿಟಿಷರ ಕಾಲದಲ್ಲಿ ಭಾರತದಲ್ಲಿದ್ದ ಸೇನೆಯ ರೈಫಲ್ ತೋಟೆಗಳ ಹಿತ್ತಾಳೆ ಕೋಶಗಳು ಮಳೆಗಾಲದಲ್ಲಿ ಯಾರೂ ಮುಟ್ಟದೆಯೇ ಬಿರುಕು ಬಿಡುತ್ತಿದ್ದವು. ಮಳೆಗಾಲದೊಂದಿಗೆ ಕಾಣಿಸಿಕೊಳ್ಳುತ್ತಿದ್ದುದರಿಂದ ಇದಕ್ಕೆ ಋತುವಿನ ಬಿರುಕು ಎಂಬರ್ಥದ ಹೆಸರೇ ಇಂಗ್ಲಿಷಿನಲ್ಲಿ ನಿಂತಿತು. ಮಳೆಗಾಲದಲ್ಲಿ ಸೇನೆಯ ಓಡಾಟ ಕಡಿಮೆಯಾದಾಗ ತೋಟೆಗಳನ್ನು ಕುದುರೆ ಲಾಯಗಳಲ್ಲಿ ಇಡುತ್ತಿದ್ದರು. ಕುದುರೆಯ ಮೂತ್ರದಿಂದ ಏಳುವ ಅಮೋನಿಯ, ಗಾಳಿಯಲ್ಲಿನ ತೇವ, ಕೋಶವನ್ನು ಎಳೆದು ತಯಾರಿಸುವಾಗ ಹಿತ್ತಾಳೆಯೊಳಗೆ ಉಳಿದುಬಿಡುವ ಬಿಗಿತ, ಈ ಮೂರೂ ಸೇರಿ ಲೋಹ ಸೀಳುತ್ತಿತ್ತು ಎಂಬುದನ್ನು 1921ರಲ್ಲಿ ಮೂರ್, ಬೆಕಿನ್‌ಸೇಲ್ ಮತ್ತು ಮ್ಯಾಲಿನ್‌ಸನ್ ಎಂಬ ಲೋಹವಿಜ್ಞಾನಿಗಳು ವಿವರಿಸಿದರು. ಇಂದು ಲೋಹಶಾಸ್ತ್ರದ ಪಠ್ಯಗಳಲ್ಲಿ ಇದು ಪ್ರಸಿದ್ಧ ಉದಾಹರಣೆ. ಕೋವಿಯ ತೋಟೆಯ ಬುಡದಲ್ಲಿರುವ ಹಿತ್ತಾಳೆ ರೈಫಲ್ ಕೋಶದಷ್ಟು ಬಿಗಿತಕ್ಕೆ ಒಳಗಾಗಿರುವುದಿಲ್ಲವಾದರೂ ಅಮೋನಿಯ ಅದನ್ನೂ ತಿನ್ನುತ್ತದೆ. ನಮ್ಮ ಮನೆಗಳಲ್ಲಿ ಕುದುರೆ ಲಾಯ ಇಲ್ಲ, ಆದರೆ ಗೋಡೆಯಾಚೆ ದನದ ಕೊಟ್ಟಿಗೆ ಇದೆ. ಯೂರಿಯಾ ಮೂಟೆಗಳನ್ನು ಒಟ್ಟಿದ ಗೋದಾಮಿದೆ. ಕಾಫಿ ತೋಟದ ಕಾರ್ಮಿಕರ ಲೈನ್‌ಮನೆಗಳ ಪಕ್ಕದ ಕೋಣೆಯಲ್ಲಿ ಗೊಬ್ಬರ, ಕೀಟನಾಶಕ, ಡೀಸೆಲ್ ಕ್ಯಾನುಗಳ ಜೊತೆಗೆ ತೋಟೆಯ ಪೆಟ್ಟಿಗೆಯನ್ನೂ ಇಟ್ಟಿರುವುದನ್ನು ನಾನು ಕಂಡಿದ್ದೇನೆ. ಬೀಗವಿದೆ ಎಂಬ ಒಂದೇ ಕಾರಣಕ್ಕೆ ಅದನ್ನು ಸುರಕ್ಷಿತ ಸ್ಥಳ ಎಂದುಕೊಳ್ಳುವುದು ತಪ್ಪು.

ಚರ್ಮದ ತೋಟೆ ಪಟ್ಟಿಯ ವಿಷಯವೂ ಇಲ್ಲಿಯೇ ಬರುತ್ತದೆ. ಸಾಲಾಗಿ ತೋಟೆ ಸಿಕ್ಕಿಸಿ ಗೋಡೆಗೆ ನೇತುಹಾಕಿದ ಪಟ್ಟಿ ನೋಡಲು ಚೆಂದ. ಆದರೆ ಚರ್ಮ ಹದಮಾಡಲು ಬಳಸಿದ ಆಮ್ಲೀಯ ಪದಾರ್ಥಗಳು ತೇವದ ಹವೆಯಲ್ಲಿ ಹಿತ್ತಾಳೆಗೆ ತಗಲಿ, ಪಟ್ಟಿಯ ಕುಣಿಕೆ ಎಷ್ಟಗಲವಿದೆಯೋ ಅಷ್ಟಗಲಕ್ಕೆ ಉಂಗುರದಂತೆ ಕಿಲುಬು ಕಟ್ಟಿಸುತ್ತವೆ. ಪಟ್ಟಿ ಇರುವುದು ತೋಟೆಯನ್ನು ಹೊತ್ತೊಯ್ಯಲು ಮಾತ್ರ. ಮನೆಗೆ ಬಂದ ಕೂಡಲೇ ಅದರಿಂದ ತೋಟೆಗಳನ್ನು ತೆಗೆದುಬಿಡಬೇಕು.

ಕಿಲುಬು ಕಂಡರೆ ಎಣ್ಣೆ ಹಚ್ಚಿ ಒರೆಸುವುದು ನಮ್ಮ ಕೈಯ ಅಭ್ಯಾಸ. ತೋಟೆಯ ಮಟ್ಟಿಗೆ ಇದು ಕೂಡದು. ತುಕ್ಕು ಬಿಡಿಸಲು ಸಿಂಪಡಿಸುವ ತೆಳು ಎಣ್ಣೆಗಳು ಕೇಪಿನ ಸುತ್ತಲಿನ ಕೂದಲೆಳೆಯಷ್ಟು ಸಂದಿಯಲ್ಲಿ ಇಳಿದು ಒಳಗಿನ ಮಿಶ್ರಣವನ್ನು ನಿಷ್ಕ್ರಿಯಗೊಳಿಸಬಲ್ಲವು. ಕೋವಿಗೆ ಎಣ್ಣೆ ಹಾಕಿದ ಕೈಯಿಂದಲೇ ತೋಟೆಯನ್ನು ಮುಟ್ಟಬಾರದು ಎಂದು ಹಳಬರು ಹೇಳುತ್ತಿದ್ದುದಕ್ಕೆ ಸರಿಯಾದ ಕಾರಣವಿತ್ತು. ಒಣ ಬಟ್ಟೆಯಿಂದ ಮೆಲ್ಲಗೆ ಒರೆಸಿದರೆ ಹೋಗುವ ಮಸುಕು ಚಿಂತೆಯ ವಿಷಯವಲ್ಲ. ಒರೆಸಿದರೂ ಹೋಗದ ಹಸಿರು, ಗುಳಿ ಬಿದ್ದ ಹಿತ್ತಾಳೆ, ಕೇಪಿನ ಸುತ್ತ ಕಟ್ಟಿದ ಪುಡಿ, ಇವುಗಳಲ್ಲಿ ಯಾವುದು ಕಂಡರೂ ಆ ತೋಟೆಯನ್ನು ಬಳಕೆಯಿಂದ ತೆಗೆದಿಡಬೇಕು.

ಒಲೆಯ ಮೇಲಿನ ಅಟ್ಟ

ತೇವಕ್ಕೆ ಹೆದರಿದ ಹಿರಿಯರು ಕಂಡುಕೊಂಡ ಪರಿಹಾರ ಒಲೆಯ ಮೇಲಿನ ಅಟ್ಟ. ಕಾಳುಮೆಣಸು, ಬಿತ್ತನೆ ಬೀಜ, ಹಪ್ಪಳ, ಬುಟ್ಟಿ, ಮಳೆಗಾಲದಲ್ಲಿ ಕೆಡಬಹುದಾದ ಎಲ್ಲವೂ ಅಲ್ಲಿಗೆ ಹೋಗುತ್ತಿದ್ದವು, ಅವುಗಳ ಜೊತೆಗೆ ತೋಟೆಯ ಡಬ್ಬಿಯೂ. ಬೀಜಕ್ಕೆ ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ತೋಟೆಗೆ ಇದಕ್ಕಿಂತ ಕೆಟ್ಟ ಜಾಗವಿಲ್ಲ.

ಕಾರಣವನ್ನು ತಿಳಿಯಬೇಕಾದರೆ ಮದ್ದಿನ ಸ್ವಭಾವವನ್ನು ತಿಳಿಯಬೇಕು. ಹೊಗೆರಹಿತ ಮದ್ದಿನ ಮುಖ್ಯ ಪದಾರ್ಥ ನೈಟ್ರೋಸೆಲ್ಯುಲೋಸ್. ಅದು ತಯಾರಾದ ದಿನದಿಂದಲೇ ಅತಿ ನಿಧಾನವಾಗಿ ತಾನಾಗಿ ಒಡೆಯುತ್ತ ನೈಟ್ರೋಜನ್ ಆಕ್ಸೈಡುಗಳನ್ನು ಬಿಡುತ್ತದೆ. ಈ ಅನಿಲಗಳು ಅಲ್ಲಿಯೇ ಉಳಿದರೆ ಒಡೆಯುವ ವೇಗ ಇನ್ನೂ ಹೆಚ್ಚುತ್ತದೆ. ಆದ್ದರಿಂದ ತಯಾರಿಸುವಾಗಲೇ ಡೈಫಿನೈಲ್‌ಅಮೀನ್‌ನಂತಹ ಸ್ಥಿರಕಾರಿ ಪದಾರ್ಥವನ್ನು ಸ್ವಲ್ಪ ಬೆರೆಸಿರುತ್ತಾರೆ, ಅದು ಹುಟ್ಟಿದ ಅನಿಲವನ್ನು ಹೀರಿಕೊಳ್ಳುತ್ತ ಹೋಗುತ್ತದೆ. ತಂಪಾದ ಕಡೆ ಇಟ್ಟರೆ ಈ ಕಾವಲು ದಶಕಗಳ ಕಾಲ ಉಳಿಯುತ್ತದೆ. ಬಿಸಿ ಹೆಚ್ಚಿದಷ್ಟೂ ಅದು ಬೇಗ ಖರ್ಚಾಗುತ್ತದೆ. ಖರ್ಚಾದ ಮೇಲೆ ಮದ್ದು ಕೆಡಲು ತಡವಿಲ್ಲ. ಕೆಟ್ಟ ಮದ್ದು ಕೆಲವೊಮ್ಮೆ ಸಿಡಿಯುವುದಿಲ್ಲ, ಕೆಲವೊಮ್ಮೆ ಅರೆಬರೆ ಸಿಡಿಯುತ್ತದೆ. ಇವೆಲ್ಲ ಮುಚ್ಚಿದ ಕೊಳವೆಯೊಳಗೆ ನಡೆಯುವುದರಿಂದ ಹೊರಗಿನಿಂದ ಯಾವ ಗುರುತೂ ಕಾಣುವುದಿಲ್ಲ.

ಒಲೆಯ ಅಟ್ಟಕ್ಕೆ ಹೇಳಿದ್ದು ಬೇಸಿಗೆಯಲ್ಲಿ ಕಾಯುವ ಶೀಟಿನ ಮಾಡಿನ ಅಡಿಗೂ, ಬಿಸಿಲಿಗೆ ನಿಲ್ಲಿಸಿದ ಜೀಪಿನ ಡ್ಯಾಶ್‌ಬೋರ್ಡಿಗೂ, ಗೀಸರ್ ಅಥವಾ ಫ್ರಿಡ್ಜಿನ ಹಿಂಬದಿಗೂ ಅನ್ವಯಿಸುತ್ತದೆ. ನೆನೆದ ತೋಟೆಯನ್ನು ಬಿಸಿಲಲ್ಲಿಯೋ ಒಲೆಯ ಪಕ್ಕದಲ್ಲಿಯೋ ಒಣಗಿಸುವ ಪದ್ಧತಿಯಂತೂ ನಿಲ್ಲಲೇಬೇಕು. ಹೊರಗೆ ಒಣಗಿದಂತೆ ಕಂಡರೂ ಒಳಗೆ ಇಳಿದ ನೀರಿನ ಸ್ಥಿತಿ ನಮಗೆ ತಿಳಿಯುವುದಿಲ್ಲ. ಹೊಳೆಗೆ ಬಿದ್ದ ಅಥವಾ ನೆರೆಯ ನೀರಿನಲ್ಲಿ ಮುಳುಗಿದ ತೋಟೆಯನ್ನು ಒಣಗಿಸಲು ಯತ್ನಿಸದೆ ಕೆಟ್ಟದ್ದೆಂದೇ ಲೆಕ್ಕ ಹಾಕಬೇಕು. ಕೊಡಗು ಮತ್ತು ಚಿಕ್ಕಮಗಳೂರು ಜಿಲ್ಲೆಗಳು 2018 ಮತ್ತು 2019ರ ಆಗಸ್ಟ್‌ಗಳಲ್ಲಿ ಕಂಡ ಮಳೆಯನ್ನು ನೆನೆದರೆ ಇದು ದೂರದ ಮಾತಲ್ಲ.

ಹಾಗಾದರೆ ಮನೆಯಲ್ಲಿ ಸರಿಯಾದ ಜಾಗ ಯಾವುದು? ಒಲೆಯಿಂದ ದೂರದ, ಹೊರಗೋಡೆಗೆ ತಾಗದ, ನೆಲದಿಂದ ಎರಡು ಮೂರು ಅಡಿ ಎತ್ತರದ, ಹಗಲು ರಾತ್ರಿಗೆ ಬಿಸಿಯಲ್ಲಿ ಹೆಚ್ಚು ಏರಿಳಿತವಿಲ್ಲದ ಒಳಕೋಣೆಯ ಕಪಾಟು. ಹಳೆಯ ತೊಟ್ಟಿಮನೆಗಳಲ್ಲಿ ನಡುಮನೆಗೆ ಹೊಂದಿದ ಕತ್ತಲೆ ಕೋಣೆ ಇದಕ್ಕೆ ಬಹಳ ಅನುಕೂಲ. ಈ ಏರಿಳಿತದ ಮಾತಿಗೆ ಮಹತ್ವವಿದೆ, ಏಕೆಂದರೆ ತಣ್ಣಗಿದ್ದ ಲೋಹ ಹಠಾತ್ತನೆ ಬೆಚ್ಚನೆಯ ತೇವದ ಗಾಳಿಗೆ ಬಂದರೆ ಅದರ ಮೇಲೆ ಕನ್ನಡಕದ ಗಾಜಿನ ಮೇಲೆ ಹಿಡಿಯುವಂತೆ ನೀರಿನ ಹನಿ ಕೂರುತ್ತದೆ.

ಪೆಟ್ಟಿಗೆ ಎಂತಹದ್ದಿರಬೇಕು

ಇಲ್ಲಿ ಎರಡು ಅಗತ್ಯಗಳು ಒಂದಕ್ಕೊಂದು ಎದುರಾಗಿ ನಿಲ್ಲುತ್ತವೆ. ತೇವ ಒಳಬರದಂತೆ ಪೆಟ್ಟಿಗೆ ಬಿಗಿಯಾಗಿ ಮುಚ್ಚಿರಬೇಕು. ಆದರೆ ಮನೆಗೆ ಬೆಂಕಿ ಬಿದ್ದರೆ ಒಳಗೆ ಹುಟ್ಟುವ ಅನಿಲಕ್ಕೆ ಹೊರಹೋಗಲು ದಾರಿಯಿರಬೇಕು. ದಪ್ಪ ಉಕ್ಕಿನ ತಿಜೋರಿಯಲ್ಲಿ ಗಾಳಿಯಾಡದಂತೆ ಮುಚ್ಚಿಟ್ಟರೆ ಎಲ್ಲಕ್ಕಿಂತ ಸುರಕ್ಷಿತ ಎಂದು ಅನೇಕರು ತಿಳಿಯುತ್ತಾರೆ. ಬೆಂಕಿಯಲ್ಲಿ ಅದು ಒತ್ತಡ ತುಂಬಿದ ಕುಕ್ಕರಿನಂತಾಗುತ್ತದೆ.

ಬೆಂಕಿಯಲ್ಲಿ ಬಿಡಿ ತೋಟೆ ಹೇಗೆ ವರ್ತಿಸುತ್ತದೆ ಎಂಬುದರ ಬಗ್ಗೆ ಇರುವ ತಪ್ಪು ಕಲ್ಪನೆಯನ್ನೂ ಇಲ್ಲಿ ಸರಿಪಡಿಸಬೇಕು. ಕೋವಿಯ ನಳಿಗೆಯೊಳಗೆ ಇದ್ದಾಗ ಉಕ್ಕಿನ ಗೋಡೆ ಅನಿಲವನ್ನು ಒಂದೇ ದಿಕ್ಕಿಗೆ ನೂಕುವುದರಿಂದ ಚರೆಗೆ ಮಾರಕವಾದ ವೇಗ ಬರುತ್ತದೆ. ನಳಿಗೆಯ ಹೊರಗೆ, ಬೆಂಕಿಯಲ್ಲಿ ಬಿಸಿಯಾಗಿ ಸಿಡಿದ ತೋಟೆಯಲ್ಲಿ ಪ್ಲಾಸ್ಟಿಕ್ ಕೊಳವೆ ಮೊದಲು ಹರಿದುಹೋಗುತ್ತದೆ, ಭಾರವಾದ ಚರೆ ಹತ್ತಿರದಲ್ಲಿಯೇ ಬೀಳುತ್ತದೆ, ಹಗುರವಾದ ಕೇಪು ಮತ್ತು ಕೋಶದ ಚೂರುಗಳು ಹಾರುತ್ತವೆ. ಅವು ಕಣ್ಣಿಗೆ ತಗಲಿದರೆ ಕಣ್ಣು ಹೋಗಬಹುದು, ಚರ್ಮ ಕೊಯ್ಯಬಹುದು. ಆದರೂ ಕೋವಿಯಿಂದ ಹಾರಿದ ಈಡಿಗೂ ಇದಕ್ಕೂ ಹೋಲಿಕೆಯಿಲ್ಲ. ಸಾಗಣೆಯ ಅಂತರರಾಷ್ಟ್ರೀಯ ವರ್ಗೀಕರಣದಲ್ಲಿ ಸರಿಯಾಗಿ ಪ್ಯಾಕ್ ಮಾಡಿದ ಇಂತಹ ತೋಟೆಗಳನ್ನು ಸ್ಫೋಟಕಗಳಲ್ಲೇ ಕಡಿಮೆ ಅಪಾಯದ 1.4ಎಸ್ ಎಂಬ ವರ್ಗಕ್ಕೆ ಸೇರಿಸಿರುವುದು ಇದೇ ಕಾರಣದಿಂದ. ಹಾಗಾಗಿ ಬೆಂಕಿಯ ಸಂದರ್ಭದಲ್ಲಿ ಹೆಚ್ಚು ಭಯಪಡಬೇಕಾದದ್ದು ಡಬ್ಬಿಯಲ್ಲಿರುವ ತೋಟೆಗಲ್ಲ, ಕೋವಿಯೊಳಗೆ ಹಾಕಿಟ್ಟ ತೋಟೆಗೆ. ಅದಕ್ಕೆ ಬೆಂಕಿಯ ಬಿಸಿಯೇ ಕೋವಿಯ ಕುದುರೆ, ಅಂದರೆ ಟ್ರಿಗರ್, ಎಳೆದಂತೆ. ಮನೆಗೆ ಬೆಂಕಿ ಬಿದ್ದಾಗ ತೋಟೆಯನ್ನು ಉಳಿಸಲು ಒಳಗೆ ಹೋಗಕೂಡದು, ಬಂದ ಅಗ್ನಿಶಾಮಕ ಸಿಬ್ಬಂದಿಗೆ ತೋಟೆ ಎಲ್ಲಿದೆ, ಎಷ್ಟಿದೆ, ಕೋವಿ ಖಾಲಿಯಿದೆಯೇ ಎಂಬುದನ್ನು ಮೊದಲೇ ಹೇಳಬೇಕು.

ನಾನು ಒಪ್ಪುವ ವ್ಯವಸ್ಥೆ ಇದು. ತೋಟೆಗಳು ಕಾರ್ಖಾನೆಯ ರಟ್ಟಿನ ಪೊಟ್ಟಣದಲ್ಲಿಯೇ ಇರಲಿ, ಏಕೆಂದರೆ ಅದರ ಮೇಲೆ ಬೋರು, ಉದ್ದ, ಚರೆಯ ಸಂಖ್ಯೆ, ತಯಾರಾದ ಕಾಲ ಮುದ್ರಿತವಾಗಿರುತ್ತವೆ, ಮತ್ತು ತೋಟೆಗಳು ಒಂದಕ್ಕೊಂದು ಬಡಿಯುವುದಿಲ್ಲ. ಆ ಪೊಟ್ಟಣ ರಬ್ಬರ್ ಪಟ್ಟಿಯ ಮುಚ್ಚಳವಿರುವ ಗಟ್ಟಿ ಪ್ಲಾಸ್ಟಿಕ್ ಡಬ್ಬಿಯೊಳಗೆ ಇರಲಿ. ಬೆಂಕಿ ಬಿದ್ದರೆ ಆ ಡಬ್ಬಿ ಕರಗಿ ದಾರಿ ಬಿಡುತ್ತದೆ. ಆ ಡಬ್ಬಿ ಬೀಗ ಹಾಕಿದ ಮರದ ಅಥವಾ ತೆಳು ತಗಡಿನ ಕಪಾಟಿನೊಳಗೆ ಇರಲಿ. ಡಬ್ಬಿಯೊಳಗೆ ಸಿಲಿಕಾ ಜೆಲ್ ಪೊಟ್ಟಣಗಳನ್ನು ಹಾಕಬೇಕು. ಬಣ್ಣ ಬದಲಿಸುವ ಬಗೆಯದ್ದಾದರೆ ಒಳ್ಳೆಯದು. ನೀಲಿ ಹರಳು ಗುಲಾಬಿಯಾದರೆ, ಕಿತ್ತಳೆ ಹರಳು ಹಸಿರಾದರೆ ಅದರ ಹೀರುವ ಶಕ್ತಿ ಮುಗಿದಿದೆ ಎಂದರ್ಥ. ಹರಳನ್ನು ಮಾತ್ರ ಹೊರತೆಗೆದು ಬಿಸಿ ಮಾಡಿ ಒಣಗಿಸಿ ಮತ್ತೆ ಬಳಸಬಹುದು. ಆಷಾಢದ ಮಳೆಯಲ್ಲಿ ಡಬ್ಬಿ ತೆರೆದು ಹರಳು ಹಾಕಿದರೆ ತೇವದ ಗಾಳಿಯನ್ನೂ ಸೇರಿಸಿ ಮುಚ್ಚಿದಂತಾಗುತ್ತದೆ. ಮಳೆ ಹಿಡಿಯುವ ಮುನ್ನ, ಮೇ ತಿಂಗಳಲ್ಲಿಯೇ ಈ ಕೆಲಸ ಮುಗಿಯಬೇಕು.

ಒಂದೇ ಕಪಾಟಿನಲ್ಲಿ ಎರಡು ಬೋರು

ಹನ್ನೆರಡು ಬೋರು ಎಂದರೆ ಒಂದು ಪೌಂಡ್ ಸೀಸವನ್ನು ಹನ್ನೆರಡು ಸಮ ಗುಂಡುಗಳನ್ನಾಗಿ ಮಾಡಿದಾಗ ಒಂದು ಗುಂಡಿನ ವ್ಯಾಸ ಎಷ್ಟೋ ನಳಿಗೆಯ ಒಳವ್ಯಾಸವೂ ಅಷ್ಟು, ಸುಮಾರು ಹದಿನೆಂಟೂವರೆ ಮಿಲಿಮೀಟರ್. ಇಪ್ಪತ್ತು ಬೋರು ಇದಕ್ಕಿಂತ ಸಣ್ಣದು, ಸಂಖ್ಯೆ ದೊಡ್ಡದು. ಈ ತಲೆಕೆಳಗಾದ ಲೆಕ್ಕದಿಂದಲೇ ಅನೇಕರು ಗೊಂದಲಕ್ಕೆ ಬೀಳುತ್ತಾರೆ. ಇಪ್ಪತ್ತು ಬೋರಿನ ತೋಟೆಯನ್ನು ಹನ್ನೆರಡು ಬೋರಿನ ಕೋವಿಗೆ ಹಾಕಿದರೆ ಅದು ಜಾರಿ ಮುಂದೆ ಹೋಗಿ, ನಳಿಗೆ ಕಿರಿದಾಗುವಲ್ಲಿ ಸಿಕ್ಕಿಕೊಳ್ಳುತ್ತದೆ. ಹಿಂದಿನಿಂದ ನೋಡಿದರೆ ಕೋವಿ ಖಾಲಿಯಿದ್ದಂತೆ ಕಾಣುತ್ತದೆ. ರಾತ್ರಿ ಹಂದಿ ಓಡಿಸುವ ಗಡಿಬಿಡಿಯಲ್ಲಿ ಅದರ ಹಿಂದೆ ಹನ್ನೆರಡು ಬೋರಿನ ತೋಟೆಯೊಂದನ್ನು ಹಾಕಿ ಕುದುರೆ ಎಳೆದರೆ ನಳಿಗೆ ಒಡೆಯುತ್ತದೆ, ಅದರ ಕೆಳಗೆ ಹಿಡಿದಿರುವ ಎಡಗೈ ಉಳಿಯುವುದು ಅನುಮಾನ. ಇಪ್ಪತ್ತು ಬೋರಿನ ತೋಟೆಗೆ ಹಳದಿ ಬಣ್ಣ ಕೊಡುವ ರೂಢಿ ಬಂದದ್ದು ಈ ಅಪಾಯವನ್ನು ತಡೆಯಲು. ಹಳೆಯ ತೋಟೆಗಳಿಗೆ ಆ ಗುರುತು ಇರಬೇಕೆಂದೇನೂ ಇಲ್ಲ. ಮನೆಯಲ್ಲಿ ಎರಡು ಬೋರಿನ ಕೋವಿಗಳಿದ್ದರೆ ತೋಟೆಗಳನ್ನು ಬೇರೆ ಬೇರೆ ಡಬ್ಬಿಯಲ್ಲಿ ಮಾತ್ರವಲ್ಲ, ಬೇರೆ ಬೇರೆ ಕಪಾಟಿನಲ್ಲಿ ಇಡಬೇಕು. ಅಂಗಿಯ ಜೇಬಿನಲ್ಲಿ ಉಳಿದ ತೋಟೆಯನ್ನು ಕೈಗೆ ಸಿಕ್ಕ ಡಬ್ಬಿಗೆ ಹಾಕುವ ಚಾಳಿ ಯಾರಿಗೂ ಇರಕೂಡದು.

ಉದ್ದದ ವಿಷಯವೂ ಹೀಗೆಯೇ. ಹಳೆಯ ಕೋವಿಗಳಲ್ಲಿ ಎರಡೂವರೆ ಇಂಚಿನ, ಅಂದರೆ ಸುಮಾರು 65 ಮಿಲಿಮೀಟರಿನ ತೋಟೆಗೆ ಮಾತ್ರ ಜಾಗವಿರುವುದುಂಟು. ಈಗ ಬರುವ ತೋಟೆಗಳಲ್ಲಿ 70 ಮಿಲಿಮೀಟರಿನವು ಹೆಚ್ಚು. ಪೊಟ್ಟಣದ ಮೇಲೆ ಬರೆದ ಉದ್ದ ಸಿಡಿದು ಬಾಯಿ ಬಿಚ್ಚಿದ ಮೇಲಿನ ಉದ್ದವಾದ್ದರಿಂದ, ಉದ್ದದ ತೋಟೆ ನಳಿಗೆಯ ಬುಡದಲ್ಲಿ ತೋಟೆಗೆಂದಿರುವ ಗಿಡ್ಡ ಕೋಣೆಯೊಳಗೂ ಸುಲಭವಾಗಿ ಕೂರುತ್ತದೆ. ಸಿಡಿದಾಗ ಮಾತ್ರ ಬಾಯಿ ಬಿಚ್ಚಿಕೊಳ್ಳಲು ಜಾಗವಿಲ್ಲದೆ ಒತ್ತಡ ಏರುತ್ತದೆ. ಡಬ್ಬಿಯ ಮೇಲೆ ಯಾವ ಕೋವಿಗೆ ಸೇರಿದ್ದು ಎಂದು ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಬೇಕು.

ಬೀಗ ಮತ್ತು ಬೀಗದಕೈ

ತೋಟೆಯ ಕಪಾಟೂ ಕೋವಿಯ ಕಪಾಟೂ ಬೇರೆಯಾಗಿರಬೇಕು, ಎರಡರ ಬೀಗದಕೈಗಳೂ ಬೇರೆಯಾಗಿರಬೇಕು. ಅಮೆರಿಕದಲ್ಲಿ 2005ರಲ್ಲಿ ಪ್ರಕಟವಾದ ಒಂದು ಅಧ್ಯಯನ ಕೋವಿಗೆ ಬೀಗ ಹಾಕುವುದು, ಅದನ್ನು ಖಾಲಿ ಇಡುವುದು, ತೋಟೆಗೆ ಬೀಗ ಹಾಕುವುದು, ತೋಟೆಯನ್ನು ಬೇರೆ ಕಡೆ ಇಡುವುದು, ಈ ನಾಲ್ಕರಲ್ಲಿ ಪ್ರತಿಯೊಂದು ಅಭ್ಯಾಸವಿರುವ ಮನೆಗಳಲ್ಲೂ ಮಕ್ಕಳು ಮತ್ತು ಹದಿಹರೆಯದವರು ಕೋವಿಯಿಂದ ಗಾಯಗೊಳ್ಳುವ ಮತ್ತು ಪ್ರಾಣ ಕಳೆದುಕೊಳ್ಳುವ ಸಂಭವ ಕಡಿಮೆ ಎಂದು ಕಂಡಿತು. ಆತುರದ ಕೈಗೂ ತೋಟೆಗೂ ನಡುವೆ ಎರಡು ಬೀಗ, ಎರಡು ಕೋಣೆ, ಐದು ನಿಮಿಷದ ಅಂತರ ಇದ್ದರೆ ಆ ಐದು ನಿಮಿಷದಲ್ಲಿ ಮನಸ್ಸು ಬದಲಾಗುವ, ಮನೆಯ ಇನ್ನೊಬ್ಬರು ಎಚ್ಚರಗೊಳ್ಳುವ ಅವಕಾಶವಿದೆ. ಮನೆಯಲ್ಲಿ ಯಾರಾದರೂ ಸಾಲದಿಂದಲೋ, ಕಾಯಿಲೆಯಿಂದಲೋ, ಕುಡಿತದಿಂದಲೋ, ಮನಸ್ಸಿನ ಬೇಗೆಯಿಂದಲೋ ಕುಸಿದಿದ್ದಾರೆ ಎಂದು ಕಂಡಾಗ ತೋಟೆಗಳನ್ನೂ ಕೋವಿಯನ್ನೂ ಸಂಕೋಚಪಡದೆ ಪೊಲೀಸ್ ಠಾಣೆಯಲ್ಲಿ ಅಥವಾ ಪರವಾನಗಿ ಪಡೆದ ವ್ಯಾಪಾರಿಯ ಬಳಿ ಠೇವಣಿ ಇಡಬೇಕು. ಚುನಾವಣೆಯ ಕಾಲದಲ್ಲಿ ಠಾಣೆಗೆ ಒಪ್ಪಿಸಿ ರಸೀದಿ ಪಡೆಯುವುದು ನಮಗೆ ಹೊಸದಲ್ಲವಲ್ಲ.

ಬೀಗದಕೈಯ ಬಗ್ಗೆ ನಮ್ಮ ಮನೆಗಳಲ್ಲಿ ಒಂದು ದೊಡ್ಡ ಭ್ರಮೆಯಿದೆ. ದೇವರ ಕೋಣೆಯ ಮೊಳೆಗೆ, ಕ್ಯಾಲೆಂಡರ್ ಹಿಂದೆ, ಅಕ್ಕಿ ಡಬ್ಬದೊಳಗೆ ಇಟ್ಟದ್ದು ಮಕ್ಕಳಿಗೆ ಗೊತ್ತಿಲ್ಲ ಎಂದು ದೊಡ್ಡವರು ನಂಬುತ್ತಾರೆ. ಮಕ್ಕಳಿಗೆ ಎಲ್ಲವೂ ಗೊತ್ತಿರುತ್ತದೆ. ತೋಟೆಯ ಕೇಪಿಗೆ ಮೊಳೆ ಇಟ್ಟು ಕಲ್ಲಿನಿಂದ ಕುಟ್ಟಿ ನೋಡುವ ಕುತೂಹಲ ಯಾವ ಮಗುವಿಗೂ ಬರಬಹುದು. ಬೀಗದಕೈ ಲೈಸೆನ್ಸುದಾರರ ಮೈಮೇಲೆ ಇರಬೇಕು, ಇಲ್ಲವೇ ಸಂಖ್ಯೆಯ ಬೀಗ ಇರಬೇಕು. ಹಾರಿಸಿದ ಖಾಲಿ ಕೋಶಗಳನ್ನೂ ಮಕ್ಕಳಿಗೆ ಆಡಲು ಕೊಡುವುದು ಸರಿಯಲ್ಲ. ಖಾಲಿ ಮತ್ತು ತುಂಬಿದ ತೋಟೆಗಳ ವ್ಯತ್ಯಾಸ ಐದು ವರ್ಷದ ಮಗುವಿಗೆ ತಿಳಿಯುವುದಿಲ್ಲ, ಕೋಶದೊಳಗೆ ಸೀಸದ ಮಸಿಯೂ ಇರುತ್ತದೆ.

ಕಾನೂನಿನ ಮಾತನ್ನು ಚುಟುಕಾಗಿ ಹೇಳುತ್ತೇನೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಅಡಿ ಕೊಡುವ ಲೈಸೆನ್ಸಿನಲ್ಲಿ ಒಂದು ಹೊತ್ತಿಗೆ ಎಷ್ಟು ತೋಟೆ ಇಟ್ಟುಕೊಳ್ಳಬಹುದು, ವರ್ಷಕ್ಕೆ ಎಷ್ಟು ಕೊಳ್ಳಬಹುದು ಎಂಬುದು ನಮೂದಾಗಿರುತ್ತದೆ. ಅದನ್ನು ಮೀರಿದ ಒಂದು ತೋಟೆಯೂ ಅಪರಾಧಕ್ಕೆ ಕಾರಣವಾಗುತ್ತದೆ, ನೆರೆಯವರ ತೋಟೆಯನ್ನು ನಮ್ಮಲ್ಲಿ ಇಟ್ಟುಕೊಳ್ಳುವುದೂ ಸಲ್ಲದು. ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯದ ಭೂಮಿ ಹೊಂದಿದ ಕೊಡಗಿನ ಹಿಡುವಳಿದಾರರಿಗೂ ಲೈಸೆನ್ಸಿನಿಂದ 1861ರಷ್ಟು ಹಿಂದಿನಿಂದ ಬಂದ ವಿನಾಯಿತಿಯನ್ನು ಕೇಂದ್ರ ಸರಕಾರ 2019ರಲ್ಲಿ ಹತ್ತು ವರ್ಷಗಳಿಗೆ, ಅಂದರೆ 2029ರ ಅಕ್ಟೋಬರ್ 31ರವರೆಗೆ ವಿಸ್ತರಿಸಿದೆ. ಕರ್ನಾಟಕ ಹೈಕೋರ್ಟ್ 2021ರಲ್ಲಿ ಅದನ್ನು ಎತ್ತಿಹಿಡಿಯಿತು. ಆ ವಿನಾಯಿತಿ ಲೈಸೆನ್ಸಿಗೆ ಸಂಬಂಧಿಸಿದ್ದು, ಎಚ್ಚರಿಕೆಗೆ ಸಂಬಂಧಿಸಿದ್ದಲ್ಲ. ಒಂದು ಸಣ್ಣ ನೋಟ್‌ಪುಸ್ತಕದಲ್ಲಿ ಕೊಂಡ ದಿನ, ಸಂಖ್ಯೆ, ಹಾರಿಸಿದ ದಿನ, ಉಳಿದದ್ದು, ಇಷ್ಟನ್ನು ಬರೆಯುತ್ತ ಹೋದರೆ ಕಾನೂನಿಗೂ ಆಯಿತು, ಒಂದು ತೋಟೆ ಕಾಣೆಯಾದರೆ ಅಂದೇ ತಿಳಿಯುವಂತೆಯೂ ಆಯಿತು.

ತೋಟೆ ಕೋವಿಯಲ್ಲದೆ ಬಾಯಿಯಿಂದ ಮದ್ದು ತುಂಬುವ ಕೇಪಿನ ಕೋವಿ ಇರುವವರಿಗೆ ಒಂದು ಮಾತು. ಅದರಲ್ಲಿ ಬಳಸುವ ಕರಿಮದ್ದು ಹೊಗೆರಹಿತ ಮದ್ದಿನಂತಲ್ಲ, ಸಣ್ಣ ಕಿಡಿಗೂ ಒಮ್ಮೆಲೇ ಸಿಡಿಯುವ ಸ್ಫೋಟಕ. ಇಲ್ಲಿ ಹೇಳಿದ ಬೆಂಕಿಯ ವಿವರಣೆ ಅದಕ್ಕೆ ಅನ್ವಯಿಸುವುದಿಲ್ಲ. ಕರಿಮದ್ದನ್ನೂ ಕೇಪುಗಳನ್ನೂ ಎಂದಿಗೂ ಒಟ್ಟಿಗೆ ಇಡಬಾರದು, ವಾಸದ ಕೋಣೆಯಲ್ಲಿ ಮತ್ತು ಅಡುಗೆಮನೆಯಲ್ಲಿ ಇಡಬಾರದು, ತುಂಬಿದ ಕೋವಿಯನ್ನು ರಾತ್ರಿ ಕಳೆಯುವವರೆಗೂ ಹಾಗೆಯೇ ಒರಗಿಸಿಡಬಾರದು.

ಮಳೆ ಕಳೆದ ಮೇಲೆ

ಆಯುಧಪೂಜೆಯ ಹೊತ್ತಿಗೆ ಮಳೆ ಹಿಂದೆ ಸರಿದಿರುತ್ತದೆ. ಕೋವಿಯನ್ನು ಹೊರತೆಗೆಯುವ ಆ ದಿನಗಳಲ್ಲಿ, ಕೋವಿಯನ್ನು ಮತ್ತೆ ಕಪಾಟಿಗೆ ಸೇರಿಸಿದ ಮೇಲೆ, ತೋಟೆಗಳನ್ನು ಒಣ ಬಟ್ಟೆಯ ಮೇಲೆ ಹರಡಿ ಒಂದೊಂದಾಗಿ ನೋಡಬೇಕು. ಎರಡೂ ಒಂದೇ ಮೇಜಿನ ಮೇಲೆ ಇರಕೂಡದು. ಉಬ್ಬಿರುವುದು, ಬಾಯಿ ಸಡಿಲಾಗಿರುವುದು, ಅಲುಗಿಸಿದರೆ ಚರೆ ಸುರಿಯುವುದು, ಬುಡ ಅಲ್ಲಾಡುವುದು, ಕೇಪು ಒಳಕ್ಕೆ ತಗ್ಗಿರುವುದು ಅಥವಾ ಹೊರಕ್ಕೆ ಚಾಚಿರುವುದು ಇವೆಲ್ಲ ಬೇರೆಯಾಗಬೇಕು. ಹೊಸದನ್ನು ಹಿಂದಕ್ಕಿಟ್ಟು ಹಳೆಯದನ್ನು ಮುಂದಕ್ಕೆ ತಂದರೆ ಹಳೆಯದು ಮೊದಲು ಖರ್ಚಾಗುತ್ತದೆ. ತೋಟೆ ಸರಿಯಿದೆಯೇ ಎಂದು ಕೋವಿಗೆ ಹಾಕಿ ನೋಡುವ ಪರೀಕ್ಷೆಯನ್ನು ಮನೆಯೊಳಗೆ ಎಂದೂ ಮಾಡಬಾರದು.

ಕುದುರೆ ಎಳೆದರೂ ಸಿಡಿಯದ ತೋಟೆ ಸಿಕ್ಕರೆ ನಳಿಗೆಯನ್ನು ಸುರಕ್ಷಿತ ದಿಕ್ಕಿಗೆ ಹಿಡಿದು ಕನಿಷ್ಠ ಅರ್ಧ ನಿಮಿಷ ಕಾಯಬೇಕು, ಒಂದು ನಿಮಿಷವಾದರೆ ಇನ್ನೂ ಒಳ್ಳೆಯದು. ಹಳೆಯ ಕೇಪು ತಡವಾಗಿ ಹೊತ್ತಿಕೊಳ್ಳಬಹುದು. ಸದ್ದು ಎಂದಿಗಿಂತ ಮೊಂಡಾಗಿ ಕೇಳಿಸಿದರೆ ಮುಂದಿನ ತೋಟೆ ಹಾಕುವ ಮುನ್ನ ಕೋವಿಯನ್ನು ಖಾಲಿ ಮಾಡಿ, ಹಿಂಬದಿಯಿಂದ ಬೆಳಕು ಹಿಡಿದು, ನಳಿಗೆಯೊಳಗೆ ವ್ಯಾಡ್ ಸಿಕ್ಕಿಕೊಂಡಿಲ್ಲ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು.

ಹೀಗೆ ಬೇರೆಯಾದ ಕೆಟ್ಟ ತೋಟೆಗಳನ್ನು ಏನು ಮಾಡಬೇಕೆಂಬ ಪ್ರಶ್ನೆಗೆ ಹಳ್ಳಿಯಲ್ಲಿ ಸಿಗುವ ಉತ್ತರಗಳೆಲ್ಲ ತಪ್ಪು. ಒಲೆಗೆ ಹಾಕುವುದು, ಹೊಳೆಗೆ ಎಸೆಯುವುದು, ಕಾಫಿ ಗಿಡದ ಬುಡದಲ್ಲಿ ಹೂಳುವುದು, ಬಿಚ್ಚಿ ಮದ್ದು ತೆಗೆಯುವುದು ಯಾವುದೂ ಕೂಡದು. ಬಿಚ್ಚುವಾಗ ಕೇಪು ಸಿಡಿಯಬಹುದು, ಹೂತದ್ದು ಮುಂದೊಂದು ದಿನ ಗುದ್ದಲಿಯ ಪೆಟ್ಟಿಗೆ ಸಿಗಬಹುದು, ಹೊಳೆಗೆ ಬಿದ್ದ ಸೀಸ ಅಲ್ಲಿಯೇ ಉಳಿಯುತ್ತದೆ. ಅವುಗಳನ್ನು ಬೇರೆ ಡಬ್ಬಿಯಲ್ಲಿ ಹಾಕಿ, ಹೊರಗೆ ಕೆಟ್ಟವು ಎಂದು ಬರೆದು, ಲೈಸೆನ್ಸಿನೊಂದಿಗೆ ಪೊಲೀಸ್ ಠಾಣೆಗೆ ಅಥವಾ ಕೊಂಡ ಅಂಗಡಿಯವರಿಗೆ ತಿಳಿಸಿ ಒಪ್ಪಿಸಬೇಕು, ಒಪ್ಪಿಸಿದ್ದಕ್ಕೆ ಬರಹದಲ್ಲಿ ರಸೀದಿ ಪಡೆಯಬೇಕು.

ಲೈಸೆನ್ಸುದಾರರು ತೀರಿಕೊಂಡ ಮನೆಗಳಲ್ಲಿ ಈ ಕೆಲಸ ಇನ್ನೂ ತುರ್ತಿನದು. ಶಸ್ತ್ರಾಸ್ತ್ರ ಕಾಯ್ದೆಯ 21ನೆಯ ಕಲಮಿನ ಪ್ರಕಾರ ಇಟ್ಟುಕೊಳ್ಳುವ ಹಕ್ಕು ಇಲ್ಲವಾದ ಕೋವಿಯನ್ನೂ ತೋಟೆಯನ್ನೂ ಅನಗತ್ಯ ವಿಳಂಬವಿಲ್ಲದೆ ಸಮೀಪದ ಠಾಣೆಯಲ್ಲಿ ಅಥವಾ ಪರವಾನಗಿಯಿರುವ ವ್ಯಾಪಾರಿಯ ಬಳಿ ಠೇವಣಿ ಇಡಬೇಕು. ವಾರಸುದಾರರು ತಮ್ಮ ಹೆಸರಿಗೆ ಲೈಸೆನ್ಸ್ ಕೇಳುವುದು ಆಮೇಲಿನ ಮಾತು. ಎಲ್ಲರೂ ಕೋವಿಯನ್ನು ನೆನಪಿಟ್ಟು ಒಪ್ಪಿಸುತ್ತಾರೆ, ತೋಟೆಗಳು ಟ್ರಂಕಿನಲ್ಲಿ ಉಳಿದುಬಿಡುತ್ತವೆ. ನಮ್ಮ ಮನೆಯಲ್ಲಿಯೂ ಆದದ್ದು ಅದೇ. ಅಜ್ಜನ ಗಂಟಿನಲ್ಲಿದ್ದ ಒಂಬತ್ತನ್ನು ಅಲುಗಾಡದಂತೆ ಒಂದು ರಟ್ಟಿನ ಪೆಟ್ಟಿಗೆಯಲ್ಲಿ ಹಳೆಯ ಬಟ್ಟೆ ಹಾಸಿ ಮಲಗಿಸಿ, ಮೊದಲು ಫೋನಿನಲ್ಲಿ ತಿಳಿಸಿ, ಅವರ ಹಳೆಯ ಲೈಸೆನ್ಸ್ ಮತ್ತು ಮರಣ ಪ್ರಮಾಣಪತ್ರದೊಂದಿಗೆ ಠಾಣೆಗೆ ಒಯ್ದೆವು. ಅಲ್ಲಿದ್ದವರು ಎಣಿಸಿ, ಕೊಳವೆ ಬಿಚ್ಚಿಕೊಂಡಿದ್ದ ಆ ಒಂದನ್ನೂ ಲೆಕ್ಕಕ್ಕೆ ಸೇರಿಸಿ, ಒಂಬತ್ತು ಎಂದು ಬರೆದು ರಸೀದಿ ಕೊಟ್ಟರು.